‘ತಯಾರಾಗುತ್ತದೆ’ ಎಂಬ ಕ್ರಿಯಾಪದದ ಬಗ್ಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. ಹಾವು ಕಡಿತದ ಔಷಧಕ್ಕೆ ನಾವು ಇವತ್ತಿಗೂ ಕುದುರೆಯ ರಕ್ತವನ್ನು ನಂಬಿಕೊಂಡಿದ್ದೇವೆ ಎಂಬಲ್ಲಿಂದ ಶುರು ಮಾಡಿರುವುದು ಚೆನ್ನಾಗಿದೆ. ಗದ್ದೆಯ ಬದುವಿನಿಂದ ಹೊರಟ ಲೇಖನ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ತಲುಪುತ್ತದೆ, ಎಲ್ಲೂ ಕುಲುಕುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರೂ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೂ ಸೇರಿ 2024ರಲ್ಲಿ ಪ್ರಕಟಿಸಿದ, ಹಾವಿನ ವಿಷವನ್ನು ತಡೆಯುವ ಪ್ರತಿಕಾಯದ (ರೋಗಾಣುವಿಗೋ ವಿಷಕ್ಕೋ ಅಂಟಿ ಅದನ್ನು ತಡೆಯುವ ಪ್ರೋಟೀನ್, ಅಂದರೆ ಆಂಟಿಬಾಡಿ) ಸಂಗತಿಯನ್ನು ಕನ್ನಡದಲ್ಲಿ ಇಷ್ಟು ವಿವರವಾಗಿ ಬರೆದದ್ದನ್ನು ನಾನು ಓದಿರಲಿಲ್ಲ.

ಆದರೆ ಮೂರನೆಯ ಪ್ಯಾರಾದಲ್ಲಿ ಪೆನ್ಸಿಲ್ ನಿಂತುಬಿಟ್ಟಿತು. ‘ವಿಷವಾಗಲಿ ವೈರಸ್ಸಾಗಲಿ ಒಳಗೆ ಬಂದ ಕೂಡಲೇ ದೇಹವು ಅದರ ಆಕಾರವನ್ನು ಅರಿತು ಅದಕ್ಕೆ ತಕ್ಕ ಪ್ರತಿಕಾಯವನ್ನು ತಯಾರಿಸುತ್ತದೆ’ ಎಂದು ಬರೆದಿದ್ದೀಯ. ಈ ಪತ್ರ ಬಹುಪಾಲು ಆ ಒಂದು ವಾಕ್ಯದ ಬಗ್ಗೆ.

ಇದೇ ವಾಕ್ಯವನ್ನು ನಾನೂ ಬರೆದಿದ್ದೆ. ಬಹಳ ವರ್ಷಗಳ ಹಿಂದೆ ಒಂದು ವಾರಪತ್ರಿಕೆಯಲ್ಲಿ ಲಸಿಕೆಯ ಕುರಿತ ನನ್ನ ಲೇಖನ ಬಂದಾಗ, ನಿವೃತ್ತರಾಗಿದ್ದ ಪಶುವೈದ್ಯರೊಬ್ಬರಿಂದ ಅಂಚೆ ಕಾರ್ಡು ಬಂತು. ಮೆಚ್ಚುಗೆ ಎರಡು ಸಾಲು, ತಕರಾರು ಒಂದೇ ಸಾಲು: ‘ತಯಾರಾಗುತ್ತದೆ ಎಂದು ಬರೆಯಬೇಡಿ, ಆಯ್ಕೆಯಾಗುತ್ತದೆ ಎಂದು ಬರೆಯಿರಿ.’ ಕ್ರಿಯಾಪದ ಬದಲಾದರೆ ಏನಾಯಿತು ಎಂದುಕೊಂಡು ಕಾರ್ಡನ್ನು ಪಕ್ಕಕ್ಕಿಟ್ಟೆ. ವಿಷಯ ತಿಳಿಯುತ್ತಾ ಹೋದಂತೆ, ಈ ವಿಜ್ಞಾನದ ಅರ್ಧ ಇತಿಹಾಸವೇ ಆ ಎರಡು ಕ್ರಿಯಾಪದಗಳ ನಡುವೆ ಇದೆ ಎಂಬುದು ಗೊತ್ತಾಯಿತು.

ನೀನು ಬರೆದದ್ದು ಒಂದು ಕಾಲದಲ್ಲಿ ದೊಡ್ಡವರೇ ನಂಬಿದ್ದ ಮಾತು. 1940ರಲ್ಲಿ ಲೈನಸ್ ಪಾಲಿಂಗ್ ಅವರಂಥ ರಸಾಯನ ವಿಜ್ಞಾನಿ, ಪ್ರತಿಕಾಯವು ರೋಗಾಣುವಿನ ಮೈಗೆ ಒತ್ತಿಕೊಂಡು, ಅಚ್ಚಿನಲ್ಲಿ ಬೆಲ್ಲ ಹುಯ್ದಂತೆ, ಅದರ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂದು ವಾದಿಸಿದ್ದರು. ಕೇಳಲು ಹಿತವಾದ ವಾದ, ಆದರೆ ತಪ್ಪು. 1957ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಅದನ್ನು ತಿರುಗಿಸಿ ಹಾಕಿದರು. ರೋಗಾಣು ಬರುವ ಮೊದಲೇ ಲೆಕ್ಕವಿಲ್ಲದಷ್ಟು ಬಗೆಯ ಕೋಶಗಳು ಸಿದ್ಧವಾಗಿರುತ್ತವೆ, ಒಂದೊಂದರ ಮೈಮೇಲೆ ಒಂದೊಂದು ಬಗೆಯ ಗ್ರಾಹಿ, ಅಂದರೆ ಹೊರಗಿನದನ್ನು ಹಿಡಿದುಕೊಳ್ಳುವ ಪ್ರೋಟೀನ್. ಬಂದ ರೋಗಾಣುವಿಗೆ ಯಾವುದು ಅಂಟುತ್ತದೋ ಆ ಕೋಶ ಬೆಳೆದು ಸಾವಿರವಾಗುತ್ತದೆ. ಅಂದರೆ ಬೀಗ ಬರುವುದಕ್ಕೆ ಮೊದಲೇ ಕೀಲಿಗಳ ಗೊಂಚಲು ಇತ್ತು. ಇನ್ನೂ ಜಗತ್ತಿನಲ್ಲೇ ಹುಟ್ಟದ ವೈರಸ್ಸಿಗೆ ಹೊಂದುವ ಪ್ರತಿಕಾಯ ನಿನ್ನ ಮೂಳೆಯ ಮಜ್ಜೆಯಲ್ಲಿ ಈ ಪತ್ರ ಓದುವ ಹೊತ್ತಿಗೂ ಹುಟ್ಟುತ್ತಿರಬಹುದು. ಇಷ್ಟು ದೊಡ್ಡ ಬೆರಗನ್ನು ‘ತಯಾರಿಸುತ್ತದೆ’ ಎಂಬ ಒಂದು ಪದ ಅಳಿಸಿಹಾಕುತ್ತದೆ. ಅದಕ್ಕೇ ಈ ಹಟ.

ಹಾಗಾದರೆ ಇಷ್ಟು ಬಗೆಗಳು ಎಲ್ಲಿಂದ ಬಂದವು ಎಂದು ನಿನ್ನ ಓದುಗ ಕೇಳಿಯೇ ಕೇಳುತ್ತಾನೆ. ಮನುಷ್ಯನಲ್ಲಿ ಪ್ರೋಟೀನಿಗೆ ಸಂಬಂಧಿಸಿದ ವಂಶವಾಹಿಗಳು ಸುಮಾರು 20,000. ಪ್ರತಿಕಾಯದ ಬಗೆಗಳು ಕೋಟಿಗಳ ಮೇಲೆ ಕೋಟಿ. ಒಂದು ಪ್ರೋಟೀನಿಗೆ ಒಂದು ವಂಶವಾಹಿ ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ.

ಇದನ್ನು ವಿವರಿಸಲು ನನಗೆ ಅಪ್ಪನ ಕೆಲಸ ನೆನಪಾಗುತ್ತದೆ. ಅವರು ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದರು. ಎದುರಿಗೆ ಓರೆಯಾಗಿಟ್ಟ ಮರದ ಕೇಸು, ಅದರ ತುಂಬ ಸಣ್ಣ ಸಣ್ಣ ಗೂಡು, ಗೂಡಿನ ತುಂಬ ಸೀಸದ ಮೊಳೆ. ಕಣ್ಣು ಹಸ್ತಪ್ರತಿಯ ಮೇಲಿದ್ದರೂ ಬೆರಳು ಸರಿಯಾದ ಗೂಡಿಗೇ ಹೋಗುತ್ತಿತ್ತು. ಪ್ರತಿಕಾಯ ಸುರಿಸುವ ನಮ್ಮ ಬಿ ಕೋಶದಲ್ಲೂ ಇಂಥ ಕೇಸುಗಳಿವೆ, ಮೊಳೆಯ ಬದಲು ಡಿಎನ್ಎ ತುಂಡು. ಪ್ರತಿಕಾಯದಲ್ಲಿ ಭಾರದ್ದು, ಹಗುರದ್ದು ಎಂದು ಎರಡು ಬಗೆಯ ಪ್ರೋಟೀನ್ ಸರಪಳಿಗಳಿರುತ್ತವೆ. ಭಾರದ ಸರಪಳಿಗೆ ಮೂರು ಕೇಸು: ವಿ ಎಂಬುದರಲ್ಲಿ ಸುಮಾರು 40 ತುಂಡು, ಡಿ ಎಂಬುದರಲ್ಲಿ 23, ಜೆ ಎಂಬುದರಲ್ಲಿ 6. ಕೋಶ ಪ್ರಾಯಕ್ಕೆ ಬರುವಾಗ ಪ್ರತಿಯೊಂದರಿಂದ ಒಂದೊಂದು ತುಂಡು ತೆಗೆದು ಜೋಡಿಸಿಕೊಳ್ಳುತ್ತದೆ. ಹಗುರ ಸರಪಳಿಗೆ ಬೇರೆ ಕೇಸುಗಳಿವೆ. ಗುಣಿಸಿ ನೋಡಿದರೆ ಹತ್ತಿರ ಹತ್ತಿರ 15-20 ಲಕ್ಷ ಬಗೆ. ಅಷ್ಟಕ್ಕೇ ಮುಗಿಯುವುದಿಲ್ಲ. ತುಂಡುಗಳು ಕೂಡುವ ಕೀಲಿನಲ್ಲಿ ಒಂದು ಕಿಣ್ವವು ಯಾವ ಮೂಲಪ್ರತಿಯನ್ನೂ ನೋಡದೆ ತನಗೆ ಸಿಕ್ಕ ಡಿಎನ್ಎ ಅಕ್ಷರಗಳನ್ನು ಸೇರಿಸುತ್ತದೆ. ಇನ್ನು ಕೆಲವು ಅಕ್ಷರಗಳು ಅಲ್ಲೇ ಉದುರಿಹೋಗುತ್ತವೆ. ನಿಜವಾದ ವೈವಿಧ್ಯ ಹುಟ್ಟುವುದು ಈ ಕೀಲುಗಳಲ್ಲೇ, ಮತ್ತು ರೋಗಾಣುವನ್ನು ಮುಟ್ಟುವ ಬೆರಳ ತುದಿಯೂ ಹೆಚ್ಚಾಗಿ ಅದೇ ಜಾಗ.

ಉಪಮೆ ಕೊಟ್ಟ ಮೇಲೆ ಅದು ಎಲ್ಲಿ ಮುರಿಯುತ್ತದೆ ಎಂಬುದನ್ನೂ ಓದುಗನಿಗೆ ಹೇಳು. ಅಪ್ಪನ ಎದುರು ಹಸ್ತಪ್ರತಿ ಇತ್ತು; ಕೋಶದ ಎದುರು ಏನೂ ಇಲ್ಲ, ಅದು ಕುರುಡಾಗಿ ಜೋಡಿಸುತ್ತದೆ. ಪುಟ ಅಚ್ಚಾದ ಮೇಲೆ ಅಪ್ಪ ಮೊಳೆಗಳನ್ನು ಬಿಚ್ಚಿ ಮತ್ತೆ ಅವುಗಳ ಗೂಡಿಗೇ ಹಾಕುತ್ತಿದ್ದರು. ಕೋಶವಾದರೋ ನಡುವಿನ ಡಿಎನ್ಎಯನ್ನು ಕತ್ತರಿಸಿ ಎಸೆಯುತ್ತದೆ. ಎಸೆದದ್ದು ಆ ಕೋಶಕ್ಕೆ ಮತ್ತೆ ಸಿಗುವುದಿಲ್ಲ. ಈ ಎರಡನೆಯ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಕತ್ತರಿಸಿ ಎಸೆಯುತ್ತದೆ ಎಂದು ನಾನು ಸಲೀಸಾಗಿ ಬರೆದೆ. 1970ರ ದಶಕದಲ್ಲಿ ಇದನ್ನು ನಂಬುವುದು ಎಷ್ಟು ಕಷ್ಟವಿತ್ತು ಎಂದು ಯೋಚಿಸು. ದೇಹದ ಎಲ್ಲ ಕೋಶಗಳಲ್ಲೂ ಡಿಎನ್ಎ ಒಂದೇ ಎಂಬುದು ಪಾಠಪುಸ್ತಕದ ಮಾತಾಗಿತ್ತು. 1965ರಲ್ಲಿ ಡ್ರೇಯರ್ ಮತ್ತು ಬೆನೆಟ್ ಒಂದು ಸರಪಳಿಗೆ ಎರಡು ವಂಶವಾಹಿ ಇರಬೇಕು ಎಂದು ಊಹಿಸಿದಾಗ ಅದಕ್ಕೆ ಪುರಾವೆ ಇರಲಿಲ್ಲ. ಪುರಾವೆ ಸಿಕ್ಕದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಜಪಾನಿನ ಸುಸುಮು ತೊನೆಗಾವಾ ಅವರ ಕೈಯಲ್ಲಿ. ಅವರು ಪ್ರತಿರಕ್ಷಾ ವಿಜ್ಞಾನ ಓದಿ ಬಂದವರಲ್ಲ, ಅಣುಮಟ್ಟದ ಜೀವವಿಜ್ಞಾನದಿಂದ (ಮಾಲಿಕ್ಯುಲರ್ ಬಯಾಲಜಿ) ಬಂದವರು.

ನೊಬುಮಿಚಿ ಹೊಜುಮಿ ಅವರೊಡನೆ ತೊನೆಗಾವಾ ಮಾಡಿದ ಆ ಪ್ರಯೋಗವನ್ನು ನಿಧಾನವಾಗಿ ಬರೆ. ಅರ್ಧ ಪುಟ ಹೋದರೂ ಚಿಂತೆಯಿಲ್ಲ. ಒಂದು ಕಡೆ ಇಲಿಯ ಭ್ರೂಣದ ಡಿಎನ್ಎ. ಅಲ್ಲಿ ಇನ್ನೂ ಯಾವ ಜೋಡಣೆಯೂ ನಡೆದಿಲ್ಲ. ಇನ್ನೊಂದು ಕಡೆ ಒಂದೇ ಬಗೆಯ ಪ್ರತಿಕಾಯವನ್ನು ಸುರಿಸುವ ಇಲಿಯ ಗೆಡ್ಡೆಯ ಡಿಎನ್ಎ. ಎರಡನ್ನೂ ಒಂದೇ ಕಿಣ್ವದಿಂದ ತುಂಡು ಮಾಡಿದರು. ಅಗರೋಸಿನ ಜೆಲ್‌ನಲ್ಲಿ ಹಾಕಿ ವಿದ್ಯುತ್ ಹರಿಸಿದರು. ಸಣ್ಣ ತುಂಡು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಆಮೇಲೆ ಜೆಲ್ಲನ್ನು ಹೋಳು ಹೋಳಾಗಿ ಕುಯ್ದು, ಪ್ರತಿ ಹೋಳಿನ ಡಿಎನ್ಎ ಜೊತೆಗೆ ಹಗುರ ಸರಪಳಿಯ ವಿಕಿರಣಶೀಲ ಆರ್‌ಎನ್‌ಎ ಬೆರೆಸಿ, ಎಲ್ಲಿ ಅಂಟುತ್ತದೆ ಎಂದು ನೋಡಿದರು. ಭ್ರೂಣದಲ್ಲಿ ಅದು ಎರಡು ಕಡೆ ಅಂಟಿತು: ವಿ ಭಾಗ ಒಂದು ಕಡೆ, ಪ್ರತಿಕಾಯದಿಂದ ಪ್ರತಿಕಾಯಕ್ಕೆ ಬದಲಾಗದ ಸ್ಥಿರ ಭಾಗ ಇನ್ನೊಂದು ಕಡೆ. ಗೆಡ್ಡೆಯಲ್ಲಿ ಅಂಟಿದ್ದು ಒಂದೇ ಕಡೆ. ದೂರವಿದ್ದ ಎರಡು ತುಂಡುಗಳು ಹತ್ತಿರ ಬಂದು ಕೂಡಿದ್ದವು. ದೇಹ ಬೆಳೆಯುವಾಗ ಡಿಎನ್ಎ ಬದಲಾಗುತ್ತದೆ ಎಂಬ ಸಂಗತಿ ಆ ಹೋಳುಗಳಲ್ಲಿ ಕಣ್ಣಿಗೆ ಕಂಡಿತು. ಪ್ರಬಂಧ ಬಂದದ್ದು 1976ರಲ್ಲಿ, ನೊಬೆಲ್ 1987ರಲ್ಲಿ. ಆ ವರ್ಷ ವೈದ್ಯಕೀಯ ನೊಬೆಲ್ಲನ್ನು ತೊನೆಗಾವಾ ಯಾರೊಡನೆಯೂ ಹಂಚಿಕೊಳ್ಳಲಿಲ್ಲ. ನಿನ್ನ ಲೇಖನದಲ್ಲಿ ಪ್ರಶಸ್ತಿಗೆ ಒಂದು ಪ್ಯಾರಾ ಇದೆ, ಪ್ರಯೋಗಕ್ಕೆ ಅರ್ಧ ವಾಕ್ಯ. ತಿರುಗಿಸಿ ಬರೆ.

ಪ್ರತಿರಕ್ಷೆಯ ಇನ್ನೊಂದು ಬಗೆಯ ಕೋಶವಾದ ಟಿ ಕೋಶದ ಗ್ರಾಹಿಯ ವಂಶವಾಹಿಗಳು 1984ರಲ್ಲಿ ಸಿಕ್ಕವು, ಅಮೆರಿಕದಲ್ಲಿ ಮಾರ್ಕ್ ಡೇವಿಸ್ ಅವರ ತಂಡಕ್ಕೆ ಇಲಿಯದು, ಕೆನಡಾದಲ್ಲಿ ತಾಕ್ ಮಾಕ್ ಅವರ ತಂಡಕ್ಕೆ ಮನುಷ್ಯನದು. ಅಲ್ಲೂ ಇದೇ ಕೇಸು, ಇದೇ ಜೋಡಣೆ, ಇದೇ ಕತ್ತರಿ. ಆ ಕತ್ತರಿಯ ಕೆಲಸ ಮಾಡುವ ಎರಡು ವಂಶವಾಹಿಗಳಲ್ಲಿ ಒಂದು ಹುಟ್ಟಿನಿಂದಲೇ ಪೂರ್ತಿ ಕೆಟ್ಟಿದ್ದರೆ ಮಗುವಿಗೆ ಬಿ ಕೋಶವೂ ಇಲ್ಲ, ಟಿ ಕೋಶವೂ ಇಲ್ಲ. ಸಾಧಾರಣ ಸೋಂಕೇ ಪ್ರಾಣಕ್ಕೆ ಬರುತ್ತದೆ. ಇಷ್ಟು ಹೇಳಿ ಮುಂದೆ ಹೋಗು.

ಪದಗಳ ವಿಷಯದಲ್ಲಿ ಎರಡು ಮಾತು. ರಿಸೆಪ್ಟರ್‌ಗೆ ನೀನು ‘ಗ್ರಾಹಕ’ ಎಂದು ಬಳಸಿದ್ದೀಯ. ಅಂಗಡಿಗೆ ಬರುವವನೂ ಗ್ರಾಹಕನೇ ಆದ್ದರಿಂದ ‘ಟಿ ಕೋಶದ ಗ್ರಾಹಕರು’ ಎಂಬಲ್ಲಿ ಓದುಗ ತಬ್ಬಿಬ್ಬಾಗುತ್ತಾನೆ. ‘ಗ್ರಾಹಿ’ ಎನ್ನು. ಇನ್ನೊಂದು, ಸೈನಿಕ, ಕೋಟೆ, ಶತ್ರು, ದಾಳಿ ಇವನ್ನೆಲ್ಲ ತೆಗೆದುಬಿಡು. ಸೈನಿಕನಿಗೆ ಶತ್ರು ಯಾರೆಂದು ಮೊದಲೇ ಹೇಳಿ ಕಳಿಸುತ್ತಾರೆ. ಇಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಿರುವುದಿಲ್ಲ. ಸೈನ್ಯದ ಮಾತು ಒಳಗೆ ಬಂದರೆ ಪಾಲಿಂಗ್ ಅವರ ತಪ್ಪು ಹಿಂಬಾಗಿಲಿನಿಂದ ಮತ್ತೆ ಮನೆ ಸೇರುತ್ತದೆ.

‘ತಯಾರಿಸುತ್ತದೆ’ ಎಂಬುದಕ್ಕೆ ಸ್ವಲ್ಪ ನ್ಯಾಯವನ್ನೂ ಸಲ್ಲಿಸಬೇಕು. ಆಯ್ಕೆಯಾದ ಬಿ ಕೋಶಗಳು ದುಗ್ಧಗ್ರಂಥಿಯಲ್ಲಿ ಬೆಳೆಯುವಾಗ ತಮ್ಮ ಪ್ರತಿಕಾಯದ ವಂಶವಾಹಿಯನ್ನು ತಾವೇ ತಿದ್ದಿಕೊಳ್ಳುತ್ತವೆ. ಇದಕ್ಕೆ ಬೇಕಾದ ಕಿಣ್ವವನ್ನು ಕ್ಯೋಟೋದ ತಸುಕು ಹೊಂಜೊ ಅವರ ತಂಡ 1999ರಲ್ಲಿ ವರದಿ ಮಾಡಿತು. ಆದರೆ ಆ ತಿದ್ದುಪಡಿಯೂ ಕುರುಡೇ. ಹೆಚ್ಚು ಬಿಗಿಯಾಗಿ ಅಂಟಿದ್ದು ಉಳಿಯುತ್ತದೆ, ಉಳಿದದ್ದು ಸಾಯುತ್ತದೆ. ಟಿ ಕೋಶಗಳು ಈ ತಿದ್ದುಪಡಿಯನ್ನು ಮಾಡಿಕೊಳ್ಳುವುದಿಲ್ಲ.

ಈಗ ನಿನ್ನ ಬೆಂಗಳೂರಿನ ಪ್ರಯೋಗವನ್ನು ಇನ್ನೊಮ್ಮೆ ನೋಡು. ಅವರು ಮಾನವ ಪ್ರತಿಕಾಯಗಳ ದೊಡ್ಡ ಸಂಗ್ರಹವೊಂದನ್ನು ಯೀಸ್ಟ್ ಕೋಶಗಳ ಮೈಮೇಲೆ ಮೂಡಿಸಿ, ನರಗಳನ್ನು ಸ್ತಬ್ಧಗೊಳಿಸುವ ಹಾವಿನ ವಿಷದ ಪ್ರೋಟೀನಿಗೆ ಯಾವುದು ಅಂಟುತ್ತದೆ ಎಂದು ಹುಡುಕಿದರು. ಸಿಕ್ಕ ಪ್ರತಿಕಾಯ, ಇಲಿಗಳ ಮೇಲಿನ ಪರೀಕ್ಷೆಯಲ್ಲಿ, ಒಂದಕ್ಕಿಂತ ಹೆಚ್ಚು ಜಾತಿಯ ಹಾವುಗಳ ವಿಷವನ್ನು ತಡೆಯಿತು. ಆ ಸಂಗ್ರಹವನ್ನು ವಿಷಕ್ಕೆಂದು ಮಾಡಿರಲಿಲ್ಲ, ಯಾವ ಹಾವನ್ನೂ ಅದು ಕಂಡಿರಲಿಲ್ಲ. ಬರ್ನೆಟ್ ಹೇಳಿದ್ದನ್ನು ಗಾಜಿನ ಪಾತ್ರೆಯಲ್ಲಿ ಮಾಡಿ ತೋರಿಸಿದಂತಾಯಿತು. ನಿನ್ನ ಲೇಖನದ ಬೆನ್ನೆಲುಬು ನಿನ್ನ ಕೈಯಲ್ಲೇ ಇತ್ತು ತಂಗಿ, ಮೂರನೆಯ ಪ್ಯಾರಾ ಅದಕ್ಕೆ ಅಡ್ಡ ನಿಂತಿತ್ತು.

ಅಂಕಿಗಳನ್ನು ಕಡಿಮೆ ಮಾಡು. 2019ರಲ್ಲಿ ಸ್ಕ್ರಿಪ್ಸ್‌ನವರು ಹತ್ತು ಜನರ ರಕ್ತದಿಂದ ಸುಮಾರು 300 ಕೋಟಿ ಪ್ರತಿಕಾಯ ಸರಪಳಿಗಳನ್ನು ಓದಿ, ಒಟ್ಟು ಸಾಧ್ಯತೆ ಒಂದರ ಮುಂದೆ 18 ಸೊನ್ನೆಯಷ್ಟಿರಬಹುದು ಎಂದು ಅಂದಾಜಿಸಿದರು. ನೀನು ಆ 18 ಸೊನ್ನೆಗಳನ್ನು ಶೀರ್ಷಿಕೆಗೇ ಏರಿಸಿದ್ದೀಯ. ಅಷ್ಟು ಸೊನ್ನೆಯನ್ನು ಯಾವ ಓದುಗನೂ ಮನಸ್ಸಿನಲ್ಲಿ ಹಿಡಿಯಲಾರ. ಅದರ ಬದಲು ಒಂದು ಅಂಕಿ ಕೊಡುತ್ತೇನೆ, ಚಿಕ್ಕದು: 36ರಲ್ಲಿ 35.

ಎಚ್‌ಐವಿ ಲಸಿಕೆಯ ದಾರಿಯಲ್ಲಿ ಅಮೆರಿಕದಲ್ಲಿ ನಡೆದ ಒಂದು ಆರಂಭಿಕ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬೇಕಾದ ಬಗೆಯ ಅಪರೂಪದ ಬಿ ಕೋಶವನ್ನು ಎಬ್ಬಿಸುವುದು ಅದರ ಉದ್ದೇಶ. ಚುಚ್ಚುಮದ್ದು ಪಡೆದ 36 ಜನರಲ್ಲಿ 35 ಜನರಲ್ಲಿ ಕೋಶ ಎದ್ದಿತು, ಒಬ್ಬರಲ್ಲಿ ಏಳಲಿಲ್ಲ. ಲಸಿಕೆಗೆ ಬೇಕಿದ್ದ ವಿ ತುಂಡಿನ ಸರಿಯಾದ ರೂಪ ಆ ಒಬ್ಬರ ವಂಶವಾಹಿಗಳಲ್ಲಿ ಇರಲಿಲ್ಲ. ಅವರು ಅದರ ಬೇರೆ ರೂಪಗಳನ್ನು ತಂದೆತಾಯಿಯಿಂದ ಪಡೆದಿದ್ದರು. ಎಲ್ಲರ ಮನೆಯ ಕೇಸಿನಲ್ಲೂ ಒಂದೇ ಮೊಳೆಗಳಿಲ್ಲ.

ಅಲ್ಲಿಂದ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಯಾರ ಯಾರ ಕೇಸನ್ನು ವಿಜ್ಞಾನ ತೆರೆದು ನೋಡಿದೆ? ಬೇರೆ ಬೇರೆ ಸಮುದಾಯಗಳ ಜನರ ಜೀನೋಮನ್ನು, ಅಂದರೆ ಪೂರ್ತಿ ಡಿಎನ್ಎಯನ್ನು, ಓದಿದ ‘ಸಾವಿರ ಜೀನೋಮುಗಳ ಯೋಜನೆ’ 2015ರಲ್ಲಿ ಮುಗಿದಾಗ ಅದರಲ್ಲಿ 26 ಸಮುದಾಯಗಳ 2,504 ಜನರಿದ್ದರು. ಹ್ಯೂಸ್ಟನ್‌ನ ಗುಜರಾತಿಗಳು, ಬ್ರಿಟನ್ನಿನ ತೆಲುಗರು, ಬ್ರಿಟನ್ನಿನಲ್ಲಿರುವ ಶ್ರೀಲಂಕಾದ ತಮಿಳರು ಇದ್ದರು. ಕನ್ನಡಿಗರದೆಂದು ಒಂದು ಗುಂಪು ಇರಲಿಲ್ಲ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಅದನ್ನು ಓದಿದ ದಿನ ನನಗೆ ಕೆಲಸವೇ ಸಾಗಲಿಲ್ಲ. ಆ ಯೋಜನೆಯ ಬಹುಪಾಲು ಡಿಎನ್ಎ ಬಂದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಬಿ ಕೋಶಗಳಿಂದ. ಅಂದರೆ ತಮ್ಮ ತುಂಡುಗಳನ್ನು ಆಗಲೇ ಜೋಡಿಸಿ, ನಡುವಿನದನ್ನು ಕತ್ತರಿಸಿ ಎಸೆದ ಕೋಶಗಳಿಂದ! ದೇಹದ ಉಳಿದೆಲ್ಲ ವಂಶವಾಹಿಗಳನ್ನು ಓದಲು ಅವು ಸಾಕು. ಪ್ರತಿಕಾಯದ ಕೇಸನ್ನು ಓದಲು ಹೋದರೆ ಎಷ್ಟೋ ಗೂಡುಗಳು ಖಾಲಿ. 2013ರಲ್ಲಿ ಕೋರಿ ವಾಟ್ಸನ್ ಮತ್ತು ಸಂಗಡಿಗರು ಭಾರದ ಸರಪಳಿಯ ಇಡೀ ಪ್ರದೇಶವನ್ನು ಒಂದೇ ಪ್ರತಿಯಿಂದ ಓದಲು ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಒಂದು ಅಸಹಜ ಗರ್ಭದ ಕೋಶಗಳನ್ನು ಆರಿಸಿಕೊಂಡರು. ಅದರಲ್ಲಿ ತಂದೆಯ ಕಡೆಯ ಪ್ರತಿ ಮಾತ್ರ ಇರುತ್ತದೆ, ಎರಡು ಪ್ರತಿಗಳು ಒಂದರೊಳಗೊಂದು ಕಲಸಿಕೊಳ್ಳುವ ತೊಂದರೆ ಇಲ್ಲ. ಅಷ್ಟು ಸುತ್ತಿ ಹೋಗಬೇಕಾಯಿತು.

ನಮ್ಮ ದೇಶದ ಹತ್ತು ಸಾವಿರ ಜನರ ಜೀನೋಮು ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ. ನೀನಿರುವ ಊರಿನಿಂದ ಒಂದು ಬಸ್ಸಿನ ದೂರ. ಹೋಗು. ಕೇಳಬೇಕಾದ ಪ್ರಶ್ನೆಯನ್ನು ಕಾಗದದಲ್ಲಿ ಬರೆದುಕೊಂಡೇ ಹೋಗು: ಈ ಹತ್ತು ಸಾವಿರ ಜನರಲ್ಲಿ ಪ್ರತಿಕಾಯದ ಪ್ರದೇಶವನ್ನು ಎಷ್ಟು ನಂಬಿಕೆಯಿಂದ ಓದಲು ಬರುತ್ತದೆ? ಉತ್ತರ ಒಂದು ಮಾತಿನಲ್ಲಿ ಬರದಿದ್ದರೆ ಅಲ್ಲೇ ಕುಳಿತು ಪೂರ್ತಿ ಕೇಳಿಸಿಕೋ. ತಿಳಿಯದ ಪದ ಬಂದರೆ ನಿಲ್ಲಿಸಿ ಕೇಳು. ಹೇಳುವವರು ಇಂಗ್ಲಿಷಿನಲ್ಲಿ ಹೇಳಿದರೂ ನೀನು ಕನ್ನಡದಲ್ಲೇ ಟಿಪ್ಪಣಿ ಮಾಡಿಕೋ. ಎಲ್ಲಿ ಅರ್ಥವಾಗಿಲ್ಲ ಎಂಬುದು ಆಗಲೇ ಗೊತ್ತಾಗುತ್ತದೆ.

ಮೂರನೆಯ ಪ್ಯಾರಾ ಹೊಸದಾಗಿ ಬರೆದು ಕಳಿಸು. ತೊನೆಗಾವಾ ಅವರ ಜೆಲ್‌ನ ಚಿತ್ರವನ್ನು ನೀನೇ ಕೈಯಿಂದ ಬಿಡಿಸು: ಭ್ರೂಣದ ಸಾಲಿನಲ್ಲಿ ಎರಡು ಗೆರೆ, ಗೆಡ್ಡೆಯ ಸಾಲಿನಲ್ಲಿ ಒಂದು.

ನಿನ್ನ,
ಅಕ್ಕ