ಧಾತು ಬರದಲ್ಲಿ ಬಂದವರು

ನಮ್ಮ ಮುತ್ತಜ್ಜನ ಅಪ್ಪನ ಬಗ್ಗೆ ಮನೆಯಲ್ಲಿ ಉಳಿದಿರುವುದು ಒಂದೇ ಮಾತು: "ಧಾತು ಬರದಲ್ಲಿ ಊರು ಬಿಟ್ಟು ಬಂದವರು." ಫೋಟೊ ಇಲ್ಲ, ಪತ್ರ ಇಲ್ಲ, ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಕಡಲು ದಾಟಿ ಬಂದು ನೆಲೆಸಿರುವ ನಮ್ಮ ಕನ್ನಡ ಕೂಟದವರು, ಇಲ್ಲಿಯ ನೆರೆಹೊರೆಯವರು ಚರ್ಚಿನ ದಾಖಲೆ ಹಿಡಿದು ಇನ್ನೂರು ಮುನ್ನೂರು ವರ್ಷ ಹಿಂದಕ್ಕೆ ಹೋಗುವುದನ್ನು ನೋಡಿದಾಗ, ನಮಗೆ ಅಂಥದ್ದೇನೂ ಇಲ್ಲವಲ್ಲ ಅನ್ನಿಸುತ್ತದೆ. ಆದರೆ ಆ ಒಂದು ಮಾತನ್ನೇ ಕೆದಕುತ್ತಾ ಹೋದರೆ ಸಾಕಷ್ಟು ದೂರ ಹೋಗಬಹುದು.

ಮೊದಲು "ಧಾತು". ಅದು ಸಂವತ್ಸರದ ಹೆಸರು. ಅರವತ್ತು ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ಹಾಗಾಗಿ ಅದು 1816-17 ಇರಬಹುದು, 1876-77 ಇರಬಹುದು, 1936-37 ಕೂಡ ಇರಬಹುದು. ನಮ್ಮ ಅಜ್ಜ ಹುಟ್ಟಿದ್ದು 1910ರ ಆಸುಪಾಸು, ಅದೂ ನಮ್ಮ ಮನೆತನ ಈಗಿರುವ ತುಮಕೂರು ಕಡೆಯ ಊರಿನಲ್ಲೇ. ಹಾಗಾಗಿ 1936 ಆಗಲಾರದು. ಅಜ್ಜನ ಅಜ್ಜ 1816ರಲ್ಲಿ ಸಂಸಾರ ಕಟ್ಟಿಕೊಂಡು ಊರು ಬಿಡುವುದೂ ಲೆಕ್ಕಕ್ಕೆ ಕೂರುವುದಿಲ್ಲ. ಉಳಿದದ್ದು 1876. ಧಾತು ಆದ ಮೇಲೆ ಬರುವ ಸಂವತ್ಸರ ಈಶ್ವರ. ಹಳೇ ಮೈಸೂರಿನ ಹಿರಿಯರು ಈಗಲೂ "ಧಾತು ಈಶ್ವರ ಬರ" ಅಂತ ಜೋಡಿಯಾಗಿಯೇ ಹೇಳುತ್ತಾರೆ. ನಿಮ್ಮ ಮನೆಯ ಹಳೆ ಕಾಗದದಲ್ಲಿ ಬರೀ ಸಂವತ್ಸರ, ಮಾಸ, ತಿಥಿ ಇದ್ದರೆ ಬೇಜಾರಾಗಬೇಡಿ. ಎರಡು ತಲೆಮಾರಿನ ವಯಸ್ಸು ಗೊತ್ತಿದ್ದರೆ ಇಸವಿ ತಾನಾಗಿ ಸಿಗುತ್ತದೆ.

ಆ ಬರ ಎಂಥದ್ದು ಅನ್ನುವುದಕ್ಕೆ ಸರ್ಕಾರದ ಲೆಕ್ಕವೇ ಸಾಕು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರ. ಹತ್ತು ವರ್ಷದ ನಂತರ 1881ರಲ್ಲಿ 41 ಲಕ್ಷ 86 ಸಾವಿರ. ಹೆಚ್ಚಬೇಕಿದ್ದ ಜನ ಸುಮಾರು ಎಂಟೂಮುಕ್ಕಾಲು ಲಕ್ಷ ಕಡಿಮೆಯಾದರು. ಮಳೆ ಸಾಲು ಸಾಲಾಗಿ ಕೈಕೊಟ್ಟಿತ್ತು. ಜನ ಗಂಜಿ ಸಿಗುವ ಕಡೆಗೆ, ಕೂಲಿ ಸಿಗುವ ಕಡೆಗೆ ನಡೆದುಕೊಂಡೇ ಹೋದರು. ನಾವು ಎಷ್ಟೋ ಸಲ ಓಡಾಡಿದ ಬೆಂಗಳೂರು-ಮೈಸೂರು ರೈಲು ದಾರಿ ಇದೆಯಲ್ಲ, ಅದರ ಕೆಲಸ ಶುರುವಾಗಿದ್ದೇ ಬರದಲ್ಲಿ ಕೂಲಿ ಕೊಡಲು. ಊರು ಬಿಟ್ಟವರಲ್ಲಿ ಎಲ್ಲರೂ ಎಲ್ಲಿಗೋ ತಲುಪಲಿಲ್ಲ. ನಮ್ಮವರು ತಲುಪಿದರು. ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿರುವುದು ಅದರಿಂದಲೇ ಅನ್ನುವುದು ಆ ಅಂಕಿಗಳನ್ನು ಓದಿದಾಗ ಮನಸ್ಸಿಗೆ ತಟ್ಟಿತು.

ಬಿಟ್ಟ ಊರು ಯಾವುದು? ಇದಕ್ಕೆ ಮನೆದೇವರನ್ನು ಕೇಳಬೇಕು. ನಮ್ಮವರು ತುಮಕೂರು ಕಡೆ ನೆಲೆ ನಿಂತವರು. ಮನೆದೇವರು ಮಾತ್ರ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ. ಚಳ್ಳಕೆರೆ ತಾಲ್ಲೂಕಿನ ಆ ಸೀಮೆ ಮೊದಲಿಂದಲೂ ಮಳೆ ಕಡಿಮೆ ಇರುವ ನೆಲ. ಊರು ಬಿಟ್ಟವರು ದೇವರನ್ನು ಬಿಡುವುದಿಲ್ಲ. ಹರಕೆ ತೀರಿಸಲು, ಮಗುವಿನ ಮುಡಿ ತೆಗೆಸಲು ಅಲ್ಲಿಗೇ ಹೋಗುತ್ತಾರೆ. ಮನೆದೇವರೊಂದೇ ಪೂರ್ತಿ ಸಾಕ್ಷಿ ಆಗುವುದಿಲ್ಲ, ನಿಜ. ಆದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನುವುದನ್ನು ಅದಕ್ಕಿಂತ ಚೆನ್ನಾಗಿ ಹೇಳುವುದು ನಮ್ಮಲ್ಲಿ ಬೇರೆ ಇಲ್ಲ.

ಜನಗಣತಿಯಲ್ಲಿ ಹೆಸರು ಸಿಗಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಿಗುವುದಿಲ್ಲ. ನಮ್ಮ ಕಡೆ ಉಳಿದಿರುವುದು ಒಟ್ಟು ಲೆಕ್ಕ ಮಾತ್ರ. ನಮ್ಮ ಹಿರಿಯರ ಹೆಸರು ಇರುವುದು ಜಮೀನಿನ ಕಾಗದದಲ್ಲಿ. ಮೈಸೂರು ಸೀಮೆಯಲ್ಲಿ ರೆವಿನ್ಯೂ ಸರ್ವೆ 1863ರಲ್ಲಿ ಶುರುವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗಿತು. ಯಾವ ಸರ್ವೆ ನಂಬರು, ಎಷ್ಟು ಎಕರೆ, ಎಷ್ಟು ಖರಾಬು (ಸಾಗುವಳಿಗೆ ಬಾರದ ನೆಲ), ಕಂದಾಯ ಎಷ್ಟು, ಖಾತೆ ಯಾರದು, ಎಲ್ಲ ಬರೆದಿಟ್ಟರು. ಹಾಗಾಗಿ ಇವತ್ತಿನ ಪಹಣಿಯ ಸರ್ವೆ ನಂಬರು ಹಿಡಿದುಕೊಂಡು ಹಿಂದಕ್ಕೆ ಹೋಗಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ತಾಳ್ಮೆ ಬೇಕು. ಮೊದಲ ಸರ್ವೆಯಲ್ಲಿ ಒಂದು ಹೊಲ ಬೇರೆಯವರದಾಗಿದ್ದು, ಮುಂದಿನ ಸರ್ವೆಯಲ್ಲಿ ನಿಮ್ಮವರದಾಗಿದ್ದರೆ, ಅವರು ಬೇರೂರಿದ್ದು ಆ ನಡುವೆ. ಇನಾಂ ಜಮೀನು, ಅಂದರೆ ಕೊಡುಗೆಯಾಗಿ ಬಂದ ಜಮೀನು ಇದ್ದ ಮನೆಗಳಿಗೆ ಇನಾಂ ರಿಜಿಸ್ಟರ್‌ಗಳಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ. ಊರಿನ ಕಂದಾಯದ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಮನೆತನದವರು ನಮ್ಮಲ್ಲಿ ಸಾಕಷ್ಟು ಜನ ಇದ್ದೀರಿ. 1961ರ ಕಾನೂನು ಆ ವಂಶಪಾರಂಪರ್ಯದ ಹುದ್ದೆಯನ್ನು ತೆಗೆದುಹಾಕಿತು. ಆದರೆ ಎಷ್ಟೋ ಮನೆಗಳ ಅಟ್ಟದ ಮೇಲೆ ಹಳೆ ಲೆಕ್ಕ ಹಾಗೇ ಉಳಿದಿದೆ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಡತ ಕಂಡರೆ ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಅಕ್ಷರವೇ ಅಳಿಸಿಹೋಗುತ್ತದೆ.

ಇಷ್ಟೆಲ್ಲ ಕಾಗದದಲ್ಲಿ ಹೆಣ್ಣುಮಕ್ಕಳು ಕಾಣುವುದೇ ಅಪರೂಪ. ಆ ಮುತ್ತಜ್ಜನ ಅಪ್ಪನ ಜೊತೆ ಅಷ್ಟು ದೂರ ನಡೆದು ಬಂದ ಹೆಂಡತಿಯ ಹೆಸರು ನನಗೆ ಯಾವ ದಾಖಲೆಯಲ್ಲೂ ಸಿಗಲಿಲ್ಲ. ಹೇಳಿದ್ದು ಸೋದರತ್ತೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಹಿರಿಯರ ಹೆಸರುಗಳ ಜೊತೆ ಅವಳ ಹೆಸರನ್ನೂ ಹೇಳುವುದನ್ನು ಅತ್ತೆ ಚಿಕ್ಕಂದಿನಲ್ಲಿ ಕೇಳಿದ್ದರು. ಶ್ರಾದ್ಧ ಮಾಡುವ ಮನೆಗಳಲ್ಲಿ ಅಮ್ಮ, ಅಜ್ಜಿ, ಮುತ್ತಜ್ಜಿಯ ಹೆಸರೂ ಬರುತ್ತದೆ. ಅದನ್ನು ಈಗಲೇ ಬರೆದಿಟ್ಟುಕೊಳ್ಳಿ.

ನಮ್ಮ ಕೂಟದ ಉತ್ತರ ಕರ್ನಾಟಕದ ಸದಸ್ಯರನ್ನು ಕಂಡರೆ ನನಗೆ ಸಂತೋಷವೂ ಆಗುತ್ತದೆ, ಸ್ವಲ್ಪ ಆಸೆಯೂ ಆಗುತ್ತದೆ. ಅವರಿಗೆ ಹೆಳವರು ಇದ್ದಾರೆ. ಎತ್ತಿನ ಜೊತೆ ಊರೂರು ತಿರುಗಿ, ಮನೆ ಮುಂದೆ ನಿಂತು, ಮೂಲ ಊರು ಯಾವುದು, ಅಣ್ಣತಮ್ಮಂದಿರು ಎಷ್ಟು, ಯಾರು ಎಲ್ಲಿಗೆ ಹೋದರು ಎಂದು ತಲೆಮಾರುಗಳನ್ನು ಒಂದೇ ಸಮನೆ ಹೇಳುವವರು. ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಹೊತ್ತಿಗೆಗೆ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಅವರ ಮಕ್ಕಳಲ್ಲಿ ಅನೇಕರು ಈಗ ಬೇರೆ ಕೆಲಸ ಹಿಡಿದಿದ್ದಾರೆ. ನಿಮ್ಮ ಮನೆತನದ ಹೆಳವರು ಯಾರು ಅಂತ ಊರಿನಲ್ಲಿ ವಿಚಾರಿಸಿ. ಅವರು ಬಂದಾಗ ಪೂರ್ತಿ ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿ, ಕೈತುಂಬ ಕೊಟ್ಟು ಕಳಿಸಿ.

ಕರಾವಳಿಯಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜೊತೆ ನಂಟಿದ್ದ ಮನೆಗಳಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅದರ ಹಳೆ ದಾಖಲೆಗಳ ಸಂಗ್ರಹ ಇದೆ. ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ.

ನಮಗಿಂತ ಮೊದಲೇ ಕಡಲು ದಾಟಿದವರನ್ನೂ ಇಲ್ಲಿ ನೆನೆಯಬೇಕು. 1860ರಿಂದ ಮದ್ರಾಸಿನ ಹಡಗುಗಳಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದವರಲ್ಲಿ ಮೈಸೂರು, ಬೆಂಗಳೂರು ಕಡೆಯವರೂ ಇದ್ದರು. ಅವರ ಹೆಸರು, ಅಪ್ಪನ ಹೆಸರು, ವಯಸ್ಸು, ತಾಲ್ಲೂಕು, ಹಳ್ಳಿ, ಮೈಮೇಲಿನ ಮಚ್ಚೆ ಕೂಡ ಹಡಗಿನ ಪಟ್ಟಿಗಳಲ್ಲಿ ದಾಖಲಾಗಿದೆ. ಕೂಲಿ ತಪ್ಪಿಸಿಕೊಂಡರೆ ಹಿಡಿಯಲು ಬರೆದುಕೊಂಡದ್ದು ಇವತ್ತು ಅವರ ಮರಿಮಕ್ಕಳಿಗೆ ಊರಿನ ದಾರಿ ತೋರಿಸುತ್ತಿದೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಹಳ್ಳಿಯ ಹೆಸರನ್ನು ಗುರುತಿಸಲು ಕನ್ನಡ ಬಲ್ಲವರು ಬೇಕು. ಅಂಥವರು ಯಾರಾದರೂ ನಮ್ಮ ಕೂಟವನ್ನು ಕೇಳಿಕೊಂಡು ಬಂದರೆ ಖಂಡಿತ ಕೈಜೋಡಿಸೋಣ.

ಮುಂದಿನ ಸಂಚಿಕೆಯಿಂದ ಇದಕ್ಕೇ ಒಂದು ಪುಟ ಇಡುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಉಳಿದ ಆ ಒಂದು ಮಾತನ್ನು, ಅದು ಎಷ್ಟೇ ಚಿಕ್ಕದಿರಲಿ, ಹೇಳಿದವರು ಯಾರು ಅನ್ನುವುದರ ಜೊತೆ ಬರೆದು ಕಳಿಸಿ. ಇನ್ನೊಂದು ವಿನಂತಿ: ಧಾರವಾಡ, ಬೆಳಗಾವಿ ಕಡೆಯ ಕೆಲವು ಮನೆಗಳಲ್ಲಿ ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ) ಕಾಗದಗಳಿವೆ. ಅವನ್ನು ಓದಬಲ್ಲ ಹಿರಿಯರು ನಿಮಗೆ ಪರಿಚಯವಿದ್ದರೆ ದಯವಿಟ್ಟು ತಿಳಿಸಿ.