ಗೆಳೆಯನಿಗೊಂದು ಪತ್ರ: ನಮ್ಮೂರಲ್ಲಿ ನೀರು 97ಕ್ಕೇ ಕುದಿಯುತ್ತೆ ಕಣೋ

ಪ್ರಿಯ ಬೀಕರು,

ನಿನ್ನ ಶಾಲೆಯ ವಿಳಾಸಕ್ಕೆ ಒಂದು ಪಾರ್ಸೆಲ್ ಹೊರಟಿದೆ. ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ತುಂಡು, ಎರಡೂ ಕಡೆ ಹತ್ತಿ ತುರುಕಿ ಟೇಪು ಸುತ್ತಿದ್ದೇನೆ. ಅಂಚೆ ಕಚೇರಿಯ ಅಕ್ಕ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿಯೇ ಮುದ್ರೆ ಒತ್ತಿದ್ದು. ಒಳಗಿರುವುದು ಥರ್ಮಾಮೀಟರ್. ಕೆಂಪು ದ್ರವದ್ದು, ಮೈನಸ್ 10ರಿಂದ 110 ಡಿಗ್ರಿವರೆಗೆ. ಪಾದರಸದ್ದು ಕಳಿಸುವ ಧೈರ್ಯ ಬರಲಿಲ್ಲ. ದಾರಿಯಲ್ಲಿ ಒಡೆದರೆ ಅದನ್ನು ಬಳಿಯುವ ಕೆಲಸ ಯಾರ ಪಾಲಿಗೂ ಬೇಡ. ನೀನು ಮಾಡಬೇಕಾದ್ದು ಇಷ್ಟೇ: ನಿನ್ನ ಏಳನೇ ಕ್ಲಾಸಿನವರ ಕೈಲಿ ನೀರು ಕುದಿಸಿ, ಬಂದ ಸಂಖ್ಯೆಯನ್ನು ಬಂದ ಹಾಗೇ ಬರೆದು ಕಳಿಸು.

"ನೀರು ಕುದಿಸುವುದಕ್ಕೂ ಒಂದು ಪತ್ರವಾ ಮಾರಾಯ" ಅಂತೀಯ, ಗೊತ್ತು. ನೀನು ಕುದಿಸಿದ ಚಹಾ ಕುಡಿದವನು ನಾನು. ಅದಕ್ಕೇ ಪತ್ರ.

ಮೊದಲು ನೀರಿನ ಅಳತೆ. 250 ಎಂಎಲ್ ಬೀಕರಿಗೆ 150 ಎಂಎಲ್ ಸಾಕು. ತುಂಬಾ ತುಂಬಿಸಿದರೆ ಸ್ಪಿರಿಟ್ ಲ್ಯಾಂಪಿನ ಉರಿ ಸಾಲದೆ ಪೀರಿಯಡ್ಡಿನ ಗಂಟೆ ಹೊಡೆದರೂ ನೀರು 80ರಲ್ಲೇ ಆಕಳಿಸುತ್ತ ಕೂತಿರುತ್ತದೆ. 150 ಎಂಎಲ್ ಆದರೆ ಕಾಲು ಗಂಟೆಯ ಆಸುಪಾಸಿನಲ್ಲಿ ಕುದಿ ಬರುತ್ತದೆ, ಅದೂ ಗಾಳಿ ಆಡದಿದ್ದರೆ. ನಿಮ್ಮ ಕಡಲ ಗಾಳಿಗೆ ಹಳೇ ರಟ್ಟಿನ ಡಬ್ಬ ಕತ್ತರಿಸಿ ಉರಿಗೆ ಮೂರು ಕಡೆ ಮರೆ ಕಟ್ಟು, ಉರಿಯಿಂದ ಒಂದು ಗೇಣು ದೂರ ಇರಲಿ. ಬೀಕರಿನ ಬಾಯಿಗೆ ರಟ್ಟಿನ ಮುಚ್ಚಳ ಹಾಕಿ ಎರಡು ತೂತು ಮಾಡು. ಒಂದು ಥರ್ಮಾಮೀಟರಿಗೆ, ಇನ್ನೊಂದು ಹಬೆಗೆ. ಎರಡನೆಯದನ್ನು ಮರೆತರೆ ಮುಚ್ಚಳ ನೆನೆದು ಮೆತ್ತಗಾಗಿ ನೀರಿಗೇ ಬೀಳುತ್ತದೆ.

ಎಲ್ಲರೂ ಎಡವುವುದು ಥರ್ಮಾಮೀಟರನ್ನು ತೂಗುಹಾಕುವಲ್ಲಿ. ಬಲ್ಬು, ಅಂದರೆ ದ್ರವ ತುಂಬಿದ ಕೆಳತುದಿ, ಬೀಕರಿನ ತಳ ಮುಟ್ಟಿತೋ, ಅದು ತೋರಿಸುವುದು ಕಾದ ಗಾಜಿನ ಬಿಸಿ, ನೀರಿನದ್ದಲ್ಲ. ಮಕ್ಕಳ ಕೈಗೆ ಹಿಡಿಯಲು ಕೊಟ್ಟರೆ ಹಬೆ ತಗುಲಿ ಕೈ ಜಗ್ಗುತ್ತದೆ, ಬಲ್ಬು ತಳಕ್ಕೆ ಕೂರುತ್ತದೆ. ಆ ಕಡೆ ಈ ಕಡೆ ನಾಲ್ಕು ನಾಲ್ಕು ಇಟ್ಟಿಗೆ ಪೇರಿಸಿ, ಮೇಲೊಂದು ಮರದ ಅಡಿಕೋಲು ಇಟ್ಟು, ಅದಕ್ಕೆ ದಾರ ಕಟ್ಟಿ ಇಳಿಬಿಡು. ಬಲ್ಬು ಪೂರ್ತಿ ಮುಳುಗಿರಲಿ, ತಳದಿಂದ ಒಂದು ಸೆಂಟಿಮೀಟರಾದರೂ ಮೇಲಿರಲಿ. ಓದುವವರು ಬೆಂಚಿನ ಮೇಲೆ ನಿಂತು ಬಗ್ಗಿ ನೋಡಬಾರದು. ಮೇಲಿನಿಂದ ನೋಡಿದರೆ ಒಂದು, ಕೆಳಗಿನಿಂದ ನೋಡಿದರೆ ಇನ್ನೊಂದು. ಕಣ್ಣು ದ್ರವದ ಮಟ್ಟಕ್ಕೇ ಇರಬೇಕು.

ಉಳಿದದ್ದು ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಬೇರೆಯವರೂ ಓದುತ್ತಿದ್ದಾರಲ್ಲ: ಉರಿಯುವ ಲ್ಯಾಂಪಿಗೆ ಸ್ಪಿರಿಟ್ ಸುರಿಯಬಾರದು, ಊದಿ ಆರಿಸಬಾರದು, ಮುಚ್ಚಳ ಹಾಕಿ ಆರಿಸಬೇಕು. ಜಡೆ, ರಿಬ್ಬನ್ನು, ವೇಲು ಎಲ್ಲ ಹಿಂದಕ್ಕೆ. ಒಂದು ಒದ್ದೆ ಗೋಣಿಚೀಲ ಕೈಗೆಟುಕುವ ಹಾಗಿರಲಿ. ಬಿಸಿ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದರೆ ಸೀಳುತ್ತದೆ. ಜ್ವರದ ಥರ್ಮಾಮೀಟರ್ ಕೊಡವಿ ಅಭ್ಯಾಸವಿರುವ ಒಂದು ಮಗು ಇದನ್ನೂ ಕೊಡವುತ್ತದೆ, ಪ್ರತಿ ವರ್ಷ ಕೊಡವುತ್ತದೆ.

ಗುಂಪಿಗೆ ಐದು ಜನ. ಒಬ್ಬರು ಗಡಿಯಾರ ನೋಡಿ ನಿಮಿಷ ಕೂಗುವುದು, ಒಬ್ಬರು ಉರಿ ನೋಡಿಕೊಳ್ಳುವುದು, ಉಳಿದ ಮೂವರು ಪ್ರತಿ ನಿಮಿಷಕ್ಕೂ ಓದುವುದು. ಮೂವರೂ ಓದಬೇಕು, ಆದರೆ ಬಾಯಿ ಬಿಡಬಾರದು. ಅವರವರ ಚೀಟಿಯಲ್ಲಿ ಬರೆದುಕೊಂಡು ಕೊನೆಗೆ ತೋರಿಸುವುದು. ಜೋರಾಗಿ ಹೇಳಿದರೆ ಮೊದಲು ಕೂಗಿದವನ ಸಂಖ್ಯೆಯೇ ಎಲ್ಲರದ್ದೂ ಆಗುತ್ತದೆ. ನಮ್ಮ ಟ್ರೈನಿಂಗ್ ಹಾಲಿನಲ್ಲಿ ಒಬ್ಬ ಕೈ ಎತ್ತಿದರೆ ಎಲ್ಲರೂ ಎತ್ತಿದ ಹಾಗೆ.

45–50 ಡಿಗ್ರಿ ಆಗುವಷ್ಟರಲ್ಲಿ ಗಾಜಿಗೆ ಸಣ್ಣ ಗುಳ್ಳೆ ಅಂಟುತ್ತವೆ, "ಕುದೀತು ಸಾರ್" ಎಂದು ಅರ್ಧ ಕ್ಲಾಸು ಎದ್ದು ನಿಲ್ಲುತ್ತದೆ. ಅದು ಕುದಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಡುತ್ತಿರುವುದು. ಆಮೇಲೆ ತಳದಿಂದ ಗುಳ್ಳೆ ಏಳುತ್ತವೆ, ಅರ್ಧ ದಾರಿಯಲ್ಲೇ ಮಾಯವಾಗುತ್ತವೆ, ಬೀಕರು ಸೋಂಯ್ ಎನ್ನುತ್ತದೆ. ಅದೂ ಅಲ್ಲ. ದೊಡ್ಡ ಗುಳ್ಳೆಗಳು ಮೇಲ್ಮೈವರೆಗೆ ಬಂದು ಒಡೆಯುತ್ತ, ನಾಲ್ಕು ನಿಮಿಷ ಸತತವಾಗಿ ಒಂದೇ ಸಂಖ್ಯೆ ನಿಂತರೆ ಅದು ಕುದಿ. ಉರಿ ಎಷ್ಟೇ ಜೋರು ಮಾಡಿದರೂ ಸಂಖ್ಯೆ ಜಪ್ಪಯ್ಯ ಎನ್ನುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಹಬೆ ಮಾಡಲು ಖರ್ಚಾಗುತ್ತದೆ.

ಆ ಸಂಖ್ಯೆ ನಮ್ಮಲ್ಲಿ 97. ಹಾಸನದ ಸೀಮೆ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಮೇಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಕಡಿಮೆ ಬಿಸಿಗೇ ನೀರು ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಎಂದಿಟ್ಟುಕೊ. ಬೆಂಗಳೂರಲ್ಲೂ 97ರ ಸುತ್ತಮುತ್ತಲೇ, ಮಡಿಕೇರಿಯಲ್ಲಿ 96. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್, ಅಲ್ಲಿ ಸ್ಟವ್ ಹಚ್ಚಿದರೆ 94ರೊಳಗೇ ಮುಗಿಯಿತು. ನಿನಗೆ ಮಾತ್ರ ಪುಸ್ತಕದ ಪೂರ್ತಿ 100. ಕಡಲಂಚಿನ ಪುಣ್ಯವಂತ. ಮಕ್ಕಳಿಗೆ ಊರಿನ ಎತ್ತರ ತಿಳಿಯಲು ನಕಾಶೆಯೇ ಬೇಕಿಲ್ಲ. ರೈಲ್ವೆ ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರಿನ ಕೆಳಗೆ ಸಣ್ಣದಾಗಿ ಬರೆದಿರುತ್ತದೆ. ಹಿಂದೆ ಬೆಟ್ಟ ಹತ್ತಿದವರು ತುದಿಯಲ್ಲಿ ನೀರು ಕುದಿಸಿ ಎತ್ತರದ ಲೆಕ್ಕ ಹಾಕುತ್ತಿದ್ದುದೂ ಇದೇ ಉಪಾಯದಿಂದ. ಸ್ವೀಡನ್ನಿನ ವಿಜ್ಞಾನಿ ಸೆಲ್ಸಿಯಸ್ 1742ರಲ್ಲಿ ಅಳತೆಪಟ್ಟಿ ಮಾಡಿದಾಗ ಕುದಿಗೆ 0, ಮಂಜುಗಡ್ಡೆಗೆ 100 ಇಟ್ಟಿದ್ದ, ತಿರುಗಿಸಿದ್ದು ಆಮೇಲೆ. ಗಾಳಿಯ ಒತ್ತಡ ಬದಲಾದರೆ ಕುದಿಯುವ ಮಟ್ಟವೂ ಬದಲಾಗುತ್ತದೆ ಎಂದು ಆತನೇ ಬರೆದಿಟ್ಟಿದ್ದಾನೆ. ನಮ್ಮ ಬಿಸಿಯೂಟದ ಅಡುಗೆಯಕ್ಕನಿಗೆ ಇದೆಲ್ಲ ಬೇಡ. ತೊಗರಿಬೇಳೆಯನ್ನು ಬರೀ ಪಾತ್ರೆಯಲ್ಲಿ ಇಟ್ಟರೆ ಬೇಗ ಬೇಯುವುದಿಲ್ಲ ಎಂದು ಗೊತ್ತು, ಕುಕ್ಕರಿನ ಮುಚ್ಚಳ ತಿರುಗಿಸಿದರೆ ಒಳಗೆ 120ರ ಹತ್ತಿರ ಹೋಗುತ್ತದೆ.

ಈಗ ಪತ್ರ ಬರೆಯಲು ಕಾರಣ. ಈ ಸಲ ಆರು ಗುಂಪಿನಲ್ಲಿ ಒಂದು ಗುಂಪಿನ ಹಾಳೆ ಬೆಳಕಿಗೆ ಹಿಡಿದರೆ ತೆಳ್ಳಗಾಗಿತ್ತು. 13ನೇ ನಿಮಿಷದಿಂದ ಮುಂದೆ ರಬ್ಬರಿನಲ್ಲಿ ಉಜ್ಜಿ ಉಜ್ಜಿ 100 ಬರೆದಿದ್ದರು. ಕೆಳಗೆ 97 ಅಚ್ಚೊತ್ತಿ ನಿಂತಿತ್ತು. ಗದರಿಸಬೇಕೆಂದು ಬಾಯಿ ತೆಗೆದವನು ಮುಚ್ಚಿಕೊಂಡೆ. ಏಕೆಂದರೆ ಇಷ್ಟು ವರ್ಷ 97 ಎಂದು ಬರೆದ ಮಕ್ಕಳ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 100 ಎಂದು ತಿದ್ದಿದವನು ನಾನೇ. ಎತ್ತರದ ಕಥೆ ಗೊತ್ತಿದ್ದೂ ತಿದ್ದಿದ್ದೇನೆ. ಪರೀಕ್ಷೆಯಲ್ಲಿ 97 ಬರೆದು ಮಾರ್ಕು ಕಳೆದುಕೊಂಡಾರು ಎಂಬ ಕಾಳಜಿ ಅಂತ ಹೇಳಬಹುದು. ಸುಳ್ಳು. ವಿವರಿಸಲು ಇನ್ನೊಂದು ಪೀರಿಯಡ್ ಬೇಕಿತ್ತು, ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಅಂಕ ತುಂಬುವುದು ಬಾಕಿಯಿತ್ತು, ಅಷ್ಟೇ. ಕೋಲಿನ ನೆರಳು 12 ಗಂಟೆಗೇ ಅತಿ ಚಿಕ್ಕದು ಎಂದು ಬರೆಸಿದ್ದೂ ಹಾಗೇ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ, 76ರಲ್ಲಿ. ನಮ್ಮಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ತಿಂಗಳಿಗೆ ತಕ್ಕಂತೆ 12.10ರಿಂದ 12.40ರ ನಡುವೆ. ಮಕ್ಕಳ ಅಳತೆ ಸರಿಯಿತ್ತು. ನನ್ನ ಶಾಯಿ ತಪ್ಪು.

ಈಗ ಗಮನಿಸುತ್ತಿದ್ದೇನೆ. ಓದುವ ಮುಂಚೆ ಅವರು ಒಂದು ಸಲ ನನ್ನ ಮುಖ ನೋಡುತ್ತಾರೆ. ಥರ್ಮಾಮೀಟರನ್ನಲ್ಲ, ನನ್ನ ಮುಖವನ್ನು. ನನ್ನ ಹುಬ್ಬು ಮೇಲೇರಿದರೆ ಸಂಖ್ಯೆಯೂ ಮೇಲೇರುತ್ತದೆ. ಅದು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ನಾನು ಕಲಿಸಿದ್ದು. ಪಾಠಯೋಜನೆಯಲ್ಲಿ ಬರೆಯದೆ ಕಲಿಸಿದ್ದು ಇದೊಂದೇ ಇರಬೇಕು, ಪೂರ್ತಿ ಕ್ಲಾಸಿಗೆ ಬಂದಿದೆ.

ಆಯ್ತು ಬಿಡು. ನೂರಕ್ಕೆ ನೂರು ಫಲಿತಾಂಶ ತೆಗೆದ ಶಿಕ್ಷಕ ಎಂದು ಸನ್ಮಾನ ಮಾಡಿಸಿಕೊಳ್ಳಲು ನನ್ನಷ್ಟು ಅರ್ಹ ಇನ್ನೊಬ್ಬನಿಲ್ಲ, ನೀರಿನಿಂದಲೇ ನೂರು ತೆಗೆಸಿದ್ದೇನೆ.

ಇಷ್ಟಾದ ಮೇಲೆ ಒಂದು ಹುಡುಗಿ ಕೇಳಿದಳು, "ಸಾರ್, ನಮ್ಮ ಥರ್ಮಾಮೀಟರೇ ಮೂರು ಡಿಗ್ರಿ ಕಮ್ಮಿ ತೋರಿಸ್ತಿದ್ರೆ?" ಜಾಣೆ. ಐಸ್ ಕ್ಯಾಂಡಿ ಅಂಗಡಿಯಿಂದ ಬರಿ ಐಸ್ ತರಿಸಿ ಪುಡಿ ಮಾಡಿ, ಕರಗುತ್ತಿರುವಾಗ ಬಲ್ಬು ಹುದುಗಿಸಿ ನೋಡಿದೆವು: 0. ಆದರೆ ಕೆಳಗೆ ಸರಿಯಿದ್ದ ಮಾತ್ರಕ್ಕೆ ಮೇಲೂ ಸರಿ ಅಂತಲ್ಲ. ಕೆಂಪು ದ್ರವದ್ದರಲ್ಲಿ ಬಲ್ಬು ಕುದಿನೀರಲ್ಲಿದ್ದು ಮೇಲಿನ ಕಡ್ಡಿ ತಣ್ಣಗಿನ ಗಾಳಿಯಲ್ಲಿ ಇದ್ದರೆ ಕಡಿಮೆ ತೋರಿಸುವ ಚಾಳಿಯಿದೆ, ಒಂದೆರಡು ಡಿಗ್ರಿ ಹಾಗೇ ನುಂಗಿಬಿಡುತ್ತದೆ. ಅದಕ್ಕೇ ಈ ಪಾರ್ಸೆಲ್. ಅದೇ ಥರ್ಮಾಮೀಟರ್, ಅದೇ 150 ಎಂಎಲ್, ಅಷ್ಟೇ ಆಳ, ಅದೇ ರಟ್ಟಿನ ಮುಚ್ಚಳ. ನಿನ್ನಲ್ಲಿ 99 ಬಂದರೂ ಚಿಂತೆಯಿಲ್ಲ, 101 ಬಂದರೂ ಚಿಂತೆಯಿಲ್ಲ. ನಿನ್ನದಕ್ಕೂ ನಮ್ಮದಕ್ಕೂ ಮೂರರ ಹತ್ತಿರ ವ್ಯತ್ಯಾಸ ಬರುತ್ತದೋ ಇಲ್ಲವೋ ಎಂಬುದು ನಮ್ಮ ಕ್ಲಾಸಿಗೆ ಬೇಕಾದ್ದು. ಮಕ್ಕಳಿಗೆ ನಮ್ಮ ಸಂಖ್ಯೆ ಮೊದಲೇ ಹೇಳಬೇಡ. ನೀನೂ ಕಿಟಕಿಯ ಕಡೆ ಮುಖ ಮಾಡಿ ನಿಲ್ಲು, ನಿನ್ನ ಹುಬ್ಬು ನನ್ನದಕ್ಕಿಂತ ದಪ್ಪ.

ಗ್ರಾಫ್ ಬಿಡಿಸುವಾಗ ಒಂದು ಸೆಂಟಿಮೀಟರಿಗೆ 10 ಡಿಗ್ರಿ ಹಿಡಿದರೆ 97ಕ್ಕೂ 100ಕ್ಕೂ ಮಧ್ಯೆ ಮೂರು ಮಿಲಿಮೀಟರ್ ಮಾತ್ರ, ಮೊಂಡು ಪೆನ್ಸಿಲಿನ ಗೆರೆಯಲ್ಲೇ ಮುಚ್ಚಿಹೋಗುತ್ತದೆ. 90ರಿಂದ ಮೇಲಕ್ಕೆ ಬೇರೆ ಗ್ರಾಫ್ ಮಾಡಿಸು, ಸೆಂಟಿಮೀಟರಿಗೆ ಒಂದು ಡಿಗ್ರಿಯಂತೆ. ನೀರಿಗೆ ಉಪ್ಪು ಹಾಕಿ ನೋಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದು ಡಿಗ್ರಿ ಏರಿಸಲು ಲೀಟರಿಗೆ 58 ಗ್ರಾಂ ಬೇಕು, ಚಿಟಿಕೆಯಿಂದ ಏನೂ ಆಗದು. ಉಪ್ಪನ್ನು ಗಂಜಿಗೆ ಉಳಿಸು.

ದಾರಿಯ ಕುಲುಕಾಟಕ್ಕೆ ಕೆಂಪು ಎಳೆ ನಡುವೆ ತುಂಡಾಗಿದ್ದರೆ ಗಾಬರಿಯಾಗಬೇಡ. ಪುಡಿ ಐಸಿಗೆ ಉಪ್ಪು ಬೆರೆಸಿ ಅದರಲ್ಲಿ ಬಲ್ಬು ನೆಟ್ಟಗೆ ನಿಲ್ಲಿಸು. ದ್ರವವೆಲ್ಲ ಬಲ್ಬಿಗೆ ಇಳಿಯುತ್ತದೆ, ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಕೂಡಿಕೊಳ್ಳುತ್ತದೆ. ಒಡೆದೇ ಹೋಗಿದ್ದರೆ ಮಾತ್ರ ಚೂರುಗಳನ್ನು ವಾಪಸು ಕಳಿಸು, ಸ್ಟಾಕ್ ರಿಜಿಸ್ಟರಿಗೆ ತೋರಿಸಬೇಕು. ವಾಪಸು ಬರುವ ಪೈಪಿನಲ್ಲಿ ಜಾಗ ಉಳಿದಿದ್ದರೆ ಒಣ ಸಿಗಡಿ ತುಂಬಬಹುದು, ಆ ಅಕ್ಕನ ಅನುಮಾನಕ್ಕೂ ಒಂದು ಅರ್ಥ ಬರಲಿ.

ಇಂತಿ,
ಕುಕ್ಕರು