ಪಠಾಣ್‌ಕೋಟ್‌ನ ಆ ತಾಯಿಗೆ

1971ರ ಡಿಸೆಂಬರ್ 3ರ ಸಂಜೆ ಪಠಾಣ್‌ಕೋಟ್‌ನ ವಾಯುನೆಲೆಯ ಮೇಲೆ ಪಾಕಿಸ್ತಾನದ ವಿಮಾನಗಳು ಬಾಂಬ್ ಹಾಕಿದಾಗ ನಾನಿನ್ನೂ ಚಿಕ್ಕ ಹುಡುಗಿ. ಸೈನ್ಯದಲ್ಲಿದ್ದ ಅಪ್ಪ ಗಡಿಗೆ ಹೋಗಿದ್ದರು. ಗದ್ದಲದಲ್ಲಿ ಅಮ್ಮನ ಕೈ ತಪ್ಪಿ, ಯಾರದೋ ಅಂಗಳದಲ್ಲಿ ತೋಡಿದ್ದ ಕಂದಕಕ್ಕೆ ಇಳಿದೆ. ಅಲ್ಲಿ ನೀವಿದ್ದಿರಿ.

ನಿಮ್ಮ ಪಂಜಾಬಿ ನನಗೆ ತಿಳಿಯಲಿಲ್ಲ. ನೀವು ಅದಕ್ಕೆ ಕಾಯಲೂ ಇಲ್ಲ. ನನ್ನನ್ನು ಬೋರಲು ಮಲಗಿಸಿ, ದುಪಟ್ಟಾದ ಅಂಚನ್ನು ಸುರುಳಿ ಸುತ್ತಿ ನನ್ನ ಹಲ್ಲುಗಳ ನಡುವೆ ಇಟ್ಟು, ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದಿರಿ. ಸ್ಫೋಟದ ಒತ್ತಡಕ್ಕೆ ಕಿವಿತಮಟೆ ಒಡೆಯದಿರಲೆಂದು ಹಾಗೆ ಮಾಡುತ್ತಾರೆ ಎಂಬುದು ದೊಡ್ಡವಳಾದ ಮೇಲೆ ತಿಳಿಯಿತು. ನಿಮ್ಮ ಕಿವಿಗಳನ್ನು ಮುಚ್ಚಿಕೊಳ್ಳಲು ಮಾತ್ರ ನಿಮಗೆ ಕೈ ಬಿಡುವಿರಲಿಲ್ಲ. ಇದು ಹೊಳೆದ ದಿನ ನಾನು ಅತ್ತುಬಿಟ್ಟೆ.

17ರಂದು ಕದನವಿರಾಮವಾಗುವವರೆಗೆ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿಕೊಂಡು ಕಳೆದೆವು. ಅಪ್ಪ ಕ್ಷೇಮವಾಗಿ ಮರಳಿದರು. ಅಮ್ಮ ನಿಮ್ಮನ್ನು ಬಹಳ ಹುಡುಕಿದಳು, ಮನೆಯ ಗುರುತು ಸಿಗಲಿಲ್ಲ. ಹೆಸರನ್ನಂತೂ ನಾನು ಕೇಳಿಯೇ ಇರಲಿಲ್ಲ.

ಪಠಾಣ್‌ಕೋಟ್ ಬಲ್ಲವರು ಯಾರಾದರೂ ಇದನ್ನು ಅಲ್ಲಿಯವರಿಗೆ ಓದಿ ಹೇಳಿದರೆ ಉಪಕಾರವಾಗುತ್ತದೆ. ತಾಯಿ, ನಿಮಗೂ ನಿಮ್ಮ ಮನೆಯವರಿಗೂ ನಾನು ಋಣಿ.